ಒಳಗೆ ಬರಲೇ ಎಂದು ಕೇಳುವ ಪುಟಗಳು

ಬುರುಲ್‌ಕಾನಳ ಫೋನು ಮತ್ತೆ ಸದ್ದು ಮಾಡಿತು. ಒದ್ದೆ ಉಣ್ಣೆಯನ್ನು ಬಿಟ್ಟು, ಕೈ ಒರೆಸಿಕೊಳ್ಳದೆಯೇ ಓಡಿದಳು. ‘ನಿಮ್ಮ ತಮ್ಮ ಸಂದೇಶ ಕಳುಹಿಸಿದ್ದಾರೆ’ ಎಂದಿತ್ತು. ಒತ್ತಿದರೆ ಯಾವುದೋ ಮಾತ್ರೆಯ ಜಾಹೀರಾತು.

ತಮ್ಮ ಶೇಯ್ಶೆನ್ ಮರ ಕಡಿಯುವ ಕೆಲಸಕ್ಕೆ ಸೈಬೀರಿಯಾಕ್ಕೆ ಹೋದವನು. ಹಿಮ ಬೀಳುವ ಮೊದಲು ಒಮ್ಮೆ ಮಾತನಾಡಿದ್ದ. ಈಗ ಕುರಿಗಳು ಬೇಸಿಗೆಯ ಹುಲ್ಲುಗಾವಲಿಗೆ ಹೊರಡುವ ಕಾಲ, ಅವನ ದನಿಯಿಲ್ಲ. ಹೀಗೆ ದೂರ ಹೋದವರನ್ನು ಹುಡುಕಿಕೊಡುತ್ತೇವೆ ಎನ್ನುವ ಅಂತರ್ಜಾಲದ ಪುಟಗಳಲ್ಲಿ ಅವಳು ಒಂದನ್ನೂ ಬಿಟ್ಟಿರಲಿಲ್ಲ.

“ಫೋನು ಕೆಮ್ಮಿದ್ರೂ ಎದ್ದು ಓಡ್ತೀಯ. ನಾನು ಕೂಗಿದ್ರೆ ಮಾತ್ರ ಕಿವಿ ಮಂದ,” ಎಂದ ಗಂಡ ಅಸಾನ್‌ಬೆಕ್.

“ನಿನ್ನ ದನಿ ದಿನಾ ಕೇಳ್ತೀನಲ್ಲ.”

ಅಂದು ಉಣ್ಣೆಯ ಹಾಸು ಮಾಡಲು ಪಕ್ಕದ ಮನೆಯ ಝಿಪಾರ್ ಬಂದಿದ್ದಳು. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವಳು. ಒದ್ದೆ ಉಣ್ಣೆ ಸುತ್ತಿದ ಜೊಂಡಿನ ಚಾಪೆಯ ಸುರುಳಿಯನ್ನು ಕಾಲಿನಿಂದ ಉರುಳಿಸುತ್ತಲೇ ಅವಳು ಬುರುಲ್‌ಕಾನಳ ಬೆರಳನ್ನು ಗಮನಿಸಿದಳು. ಪರದೆಯ ಮೇಲೆ ‘ತಮ್ಮನ ದನಿ ಕೇಳಲು ಈ ಆ್ಯಪ್ ಹಾಕಿಕೊಳ್ಳಿ’ ಎಂಬ ಹೊಸ ಸಾಲು ಬಂದಿತ್ತು.

“ತಡಿ ಅಕ್ಕ. ನಿನಗೆ ತಮ್ಮ ಇದಾನೆ ಅಂತ ಇದಕ್ಕೆ ಹೇಗೆ ಗೊತ್ತು?”

“ಹುಡುಕಿಕೊಡೋ ಪುಟದಲ್ಲಿ ನಾನೇ ಬರೆದಿದ್ದೆ. ಅದು ಒಳಗೆ ಬರ್ಲಾ ಅಂತು, ಬಾ ಅಂದೆ.”

ಝಿಪಾರ್ ಬಗ್ಗಿ, ಬುರುಲ್‌ಕಾನಳ ಕೈಯಲ್ಲಿದ್ದ ಫೋನಿನಲ್ಲೇ ಬ್ರೌಸರಿನ ಸೆಟ್ಟಿಂಗ್ಸ್ ತೆರೆದಳು. ಸೂಚನೆ ಕಳಿಸಲು, ಮೈಕ್ ಬಳಸಲು, ಮನೆ ಎಲ್ಲಿದೆಯೆಂದು ತಿಳಿಯಲು, ಕೇಳಿದ ಪುಟಕ್ಕೆಲ್ಲ ಅನುಮತಿ ಸಿಕ್ಕಿತ್ತು.

“ಎಲ್ಲದಕ್ಕೂ ಹೂಂ ಅಂದಿದೀಯಲ್ಲ.”

“ಮತ್ತೇನ್ ಮಾಡ್ಲಿ? ಬಾಗಿಲಿಗೆ ಬಂದೋರಿಗೆ ಬೇಡ ಅನ್ನೋದು ನಮ್ಮವ್ವ ಕಲಿಸ್ಲಿಲ್ಲ. ಅವಸರದಲ್ಲಿದ್ದೋರೂ ಒಂದು ಚೂರು ರೊಟ್ಟಿ ಬಾಯಿಗಿಟ್ಟೇ ಹೊರಡ್ಬೇಕಿತ್ತು. ಬೇಡ ಅಂದ ಪುಟದಲ್ಲೇ ಅವನ ಸುದ್ದಿ ಇದ್ಬಿಟ್ರೆ?”

ಝಿಪಾರ್ ಪರದೆಯತ್ತ ಬೆರಳು ತೋರಿಸಿದಳು.

“ರೊಟ್ಟಿ ತಿನ್ನೋಕೆ ಬಂದೋನ ಮುಖ ಕಾಣುತ್ತೆ, ತಿಂದು ಎದ್ದು ಹೋಗ್ತಾನೆ. ಇವನು ಒಳಗೇ ಕೂತು ನಿನ್ನ ಓಡಾಡಿಸ್ತಿದಾನೆ. ಸುದ್ದಿ ಓದೋಕೆ ಪುಟಕ್ಕೆ ಮೈಕ್ ಯಾಕಕ್ಕ? ಈ ಆ್ಯಪ್ ಹಾಕಿದ್ರೆ ನಿನ್ನ ಸಂದೇಶಗಳೆಲ್ಲ ಕಳ್ಳರ ಕೈಗೆ ಹೋಗ್ಬಹುದು. ಆಮೇಲೆ ಶೇಯ್ಶೆನ್ ನಿಜವಾಗ್ಲೂ ಬರೆದ್ರೆ, ಉತ್ತರ ಕೊಡೋದು ಯಾರು?”

ಬುರುಲ್‌ಕಾನ್ ಅಲ್ಲೇ ಕುಳಿತಳು. ತಮ್ಮನಿಗೆ ಬಾಯಿಪಾಠವಾಗಿದ್ದದ್ದು ಅಕ್ಕನ ಈ ಒಂದು ನಂಬರು ಮಾತ್ರ.

“ಈ ಅನುಮತಿಗಳನ್ನೆಲ್ಲ ಮುಚ್ಚಿಬಿಡೋಣ,” ಎಂದಳು ಝಿಪಾರ್.

“ಎಲ್ಲಾ ಮುಚ್ಚಿದ್ರೆ ಫೋನು ಯಾಕೆ ಟೀಚರಮ್ಮ, ಮೊಳೆ ಹೊಡೆಯೋಕಾ?” ಎಂದ ಅಸಾನ್‌ಬೆಕ್.

“ಗೊತ್ತಿಲ್ಲದ ಪುಟಕ್ಕಷ್ಟೇ ಅಣ್ಣ. ಜಾವಾಸ್ಕ್ರಿಪ್ಟ್ ಅಂತಿದೆ, ಪುಟ ತೆರೆದ ಕೂಡ್ಲೆ ತಾನಾಗೇ ಓಡೋ ಪ್ರೋಗ್ರಾಮು. ಒಳ್ಳೆ ಪುಟಾನೂ ಬಳಸುತ್ತೆ, ಕಳ್ಳ ಪುಟಾನೂ ಬಳಸುತ್ತೆ. ಅದನ್ನ ನಿಲ್ಲಿಸಿ, ನಂಬೋ ಪುಟಗಳಿಗೆ ಮಾತ್ರ ಬಿಡೋಣ. ಕೆಲವು ಪುಟ ಅರ್ಧಂಬರ್ಧ ಕಾಣುತ್ತೆ, ಅಷ್ಟೇ.”

“ಮೋಸ ಪೂರ್ತಿ ನಿಲ್ಲುತ್ತಾ?” ಎಂದ ಅಸಾನ್‌ಬೆಕ್.

“ಇಲ್ಲ. ಅದು ಬರೋ ದಾರಿ ಕಡಿಮೆಯಾಗುತ್ತೆ. ಸಂದೇಶದ ಆ್ಯಪಿಗೆ ಇದ್ರಿಂದ ಏನೂ ಆಗಲ್ಲ. ಅವನು ಬರೆದ್ರೆ ಸದ್ದು ಬಂದೇ ಬರುತ್ತೆ.”

ಕೊನೆಯ ಮಾತು ಕೇಳಿದ ಮೇಲೆ ಬುರುಲ್‌ಕಾನ್ ಫೋನು ಅವಳ ಕೈಗಿತ್ತಳು. ಅಸಾನ್‌ಬೆಕ್ ತನ್ನದನ್ನೂ ಮುಂದೆ ಚಾಚಿದ. “ಯಾವನೋ ದಿನಾ ನನಗೆ ಕಾರು ಗೆದ್ದಿದೀಯ ಅಂತಾನೆ. ಅವನನ್ನೂ ಕಳಿಸ್ಬಿಡು.”

ಆ ಮಧ್ಯಾಹ್ನವಿಡೀ ಫೋನು ಮೌನವಾಗಿತ್ತು.

“ಸುಳ್ಳಾದ್ರೂ ಅದು ತಮ್ಮ ಅಂತಿತ್ತು,” ಎಂದಳು ಬುರುಲ್‌ಕಾನ್.

“ಇನ್ಮೇಲೆ ತಮ್ಮ ಅಂತ ಬಂದ್ರೆ ಅವನೇ ಬರ್ಲಿ ಅಕ್ಕ.”

ಅವಳು ತಲೆಯಾಡಿಸಿದಳು. ಈಗಲೂ ಕಾಯುತ್ತಿದ್ದಾಳೆ. ಆದರೆ ಪ್ರತಿ ಸದ್ದಿಗೂ ಎದ್ದು ಓಡುವುದು ನಿಂತಿದೆ.

ನೀವೂ ಯಾರಿಗೋ ಕಾಯುತ್ತಿರಬಹುದು. ಇವತ್ತೇ ಬ್ರೌಸರಿನ ಸೆಟ್ಟಿಂಗ್ಸ್ ತೆರೆಯಿರಿ. ಅಪರಿಚಿತ ಪುಟಗಳಿಗೆ ಸೂಚನೆ, ಮೈಕ್, ಕ್ಯಾಮೆರಾ, ಸ್ಥಳದ ಅನುಮತಿ ತೆಗೆದುಹಾಕಿ. ಜಾವಾಸ್ಕ್ರಿಪ್ಟನ್ನು ನಂಬುವ ಪುಟಗಳಿಗಷ್ಟೇ ಬಿಡಿ. ಪುಟ ಹೇಳಿತೆಂದು ಆ್ಯಪ್ ಹಾಕಿಕೊಳ್ಳಬೇಡಿ. ನಿಮ್ಮವರು ಕರೆದಾಗ ಓಗೊಡುವ ಫೋನು ನಿಮ್ಮ ಕೈಯಲ್ಲೇ ಇರಲಿ.