ಬಿಟ್ಟುಹೋದ ಕನ್ನಡಿ ಪಾಠ

ಕಾರು ಕಲಿಸುವ ಮೇಷ್ಟ್ರಿಗೆ ಎಲ್ಲರೂ ಇಟ್ಟಿದ್ದ ಹೆಸರು ಬ್ರೇಕ್ ಮೇಷ್ಟ್ರು. ಕಾಲ ಕೆಳಗೆ ತಮ್ಮದೇ ಒಂದು ಬ್ರೇಕ್ ಇಟ್ಟುಕೊಂಡು, ಕಲಿಯುವವರ ಪಕ್ಕದ ಸೀಟಿನಲ್ಲಿ ಇಪ್ಪತ್ತಾರು ವರ್ಷ ಕೂತವರು. ಮನೆಯಲ್ಲಿ ತಾನು ದನಿ ಏರಿಸಿದರೂ ಅವರ ಕಾಲು ತಾನಾಗಿ ನೆಲ ಒತ್ತುತ್ತದೆ ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವರ ಪಾಠಗಳಲ್ಲಿ ಕನ್ನಡಿ ಪಾಠ ಎಂಬುದೊಂದಿತ್ತು. ಅದು ರಸ್ತೆಯಲ್ಲಲ್ಲ, ಮನೆಯ ಅಂಗಳದಲ್ಲಿ ನಡೆಯುತ್ತಿತ್ತು. ನಿಂತ ಕಾರಿನಲ್ಲಿ ಕಲಿಯುವವರನ್ನು ಕೂರಿಸಿ, ಹೆಂಡತಿಯನ್ನು ಕರೆದು ಕಾರಿನ ಸುತ್ತ ನಿಧಾನವಾಗಿ ನಡೆಯಲು ಹೇಳುತ್ತಿದ್ದರು. ಅವಳು ಯಾವ ಕನ್ನಡಿಯಲ್ಲಿ ಕಾಣುತ್ತಾಳೆ, ಎಲ್ಲಿ ಮಾಯವಾಗುತ್ತಾಳೆ ಎಂದು ಒಳಗಿದ್ದವರು ಕೂಗಿ ಹೇಳಬೇಕು. ಹೆಚ್ಚಿನವರು ಪಕ್ಕದ ಕನ್ನಡಿಯಲ್ಲಿ ತಮ್ಮ ಕಾರಿನ ಬಾಗಿಲನ್ನೇ ಅರ್ಧಕ್ಕರ್ಧ ನೋಡುತ್ತಾ ಕೂತಿರುತ್ತಾರೆ. "ನಿಮ್ಮ ಬಾಗಿಲು ಎಲ್ಲಿಗೂ ಓಡಿಹೋಗಲ್ಲ, ಅದನ್ನ ಯಾಕೆ ಕಾಯ್ತೀರಿ?" ಎನ್ನುತ್ತಿದ್ದರು ಮೇಷ್ಟ್ರು. ಆಮೇಲೆ ತಲೆಯನ್ನು ಪಕ್ಕಕ್ಕೆ ವಾಲಿಸಿ, ಕಾರಿನ ಅಂಚು ಗೆರೆಯಷ್ಟೇ ಕಾಣುವ ತನಕ ಕನ್ನಡಿಯನ್ನು ಹೊರಕ್ಕೆ ತಿರುಗಿಸುವುದನ್ನು ಕಲಿಸುತ್ತಿದ್ದರು. ನೆಟ್ಟಗೆ ಕೂತಾಗ ಆ ಗೆರೆಯೂ ಕಾಣಬಾರದು. "ಇಷ್ಟಾದ್ರೂ ಪಕ್ಕಕ್ಕೆ ಸರಿಯೋ ಮುಂಚೆ ಒಂದ್ಸಲ ಕತ್ತು ತಿರುಗಿಸಿ ನೋಡಿ. ಕತ್ತು ಇರೋದೇ ಅದಕ್ಕೆ."

"ಮದುವೆಯಾದಾಗಿನಿಂದ ಇವರ ಕಣ್ಣಿಗೆ ಬಿದ್ದವಳಲ್ಲ ನಾನು," ಎನ್ನುತ್ತಿದ್ದಳು ಹೆಂಡತಿ, ಸುತ್ತು ಹಾಕುತ್ತಾ. "ಈಗ ಕಂಡವರ ಕೈಲೆಲ್ಲ ಕನ್ನಡೀಲಿ ಹುಡುಕಿಸ್ತಾರೆ."

ಒಂದು ಸಂಜೆ ಗೇಟಿನ ಬಳಿ ನರ್ಸಮ್ಮ ಬಂದು ನಿಂತಳು. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ, ನಲವತ್ತರ ಹತ್ತಿರದ ಹೆಂಗಸು. ಮೂರು ವರ್ಷದ ಹಿಂದೆ ಇವರ ಹತ್ತಿರವೇ ಕಲಿತವಳು. ಆಸ್ಪತ್ರೆಯ ಪಾಳಿಗೆ ಬಸ್ಸುಗಳು ಹೊಂದುವುದಿಲ್ಲ ಎಂದು ಹಳೆಯದೊಂದು ಚಿಕ್ಕ ಕಾರು ತೆಗೆದುಕೊಂಡಿದ್ದಳು. ಮೇಷ್ಟ್ರಿಗೆ ಖುಷಿಯಾಯಿತು.

"ಬನ್ನಿ ಸಿಸ್ಟರ್! ಕಾರೆಲ್ಲಿ? ಮೂಲೇಲಿ ನಿಲ್ಸಿ ಬಂದ್ರಾ?"

"ಬಸ್ಸಲ್ಲಿ ಬಂದೆ ಮೇಷ್ಟ್ರೇ."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಕೊಟ್ಟ ನೀರನ್ನು ಕುಡಿಯದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. ಮೂರು ತಿಂಗಳ ಹಿಂದೆ, ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಎಂಟು ಗಂಟೆಗೆ ಮನೆಗೆ ಹೊರಟಿದ್ದಳಂತೆ. ಸೇತುವೆ ದಾಟಿ ಎಡಕ್ಕೆ ಸರಿಯಬೇಕಿತ್ತು. ಎಡದ ದೀಪ ಹಾಕಿದಳು, ಕನ್ನಡಿ ನೋಡಿದಳು, ಯಾರೂ ಇರಲಿಲ್ಲ, ಸರಿದಳು. ಎಡಗಡೆ ಒಬ್ಬ ಸೈಕಲ್ಲಿನಲ್ಲಿದ್ದ. ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ ಬೇಯಿಸಿ ಅವನೂ ಮನೆಗೆ ಹೊರಟಿದ್ದವನು. ಎರಡು ದಿನ ಬದುಕಿದ್ದ.

"ಅವನ ತೋಳಿನ ಮೇಲೆಲ್ಲ ಹಿಟ್ಟಿತ್ತು ಮೇಷ್ಟ್ರೇ. ನಾನೇ ಕೈ ಹಿಡಿದು ನಾಡಿ ನೋಡಿದೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಒಂದು ಕೇಳೋಣ ಅಂತ ಬಂದೆ," ಎಂದಳು ನರ್ಸಮ್ಮ. "ಗೇರು, ಇಳಿಜಾರು, ಹಿಂದಕ್ಕೆ ತಗೊಳ್ಳೋದು, ಎಲ್ಲಾ ನಿಮ್ಮ ದನೀಲೇ ನೆನಪಿದೆ ನನಗೆ. ಕನ್ನಡಿ ಹೇಗಿಟ್ಕೋಬೇಕು ಅನ್ನೋದು ಮಾತ್ರ ಎಷ್ಟು ತಡಕಾಡಿದ್ರೂ ನೆನಪಿಗೆ ಬರ್ತಿಲ್ಲ. ನೀವು ನನಗೆ ಅದನ್ನ ಹೇಳಿಕೊಟ್ಟಿದ್ರಾ?"

ಮೇಷ್ಟ್ರು ಯೋಚಿಸುವ ಮುಂಚೆಯೇ ನಾಲಿಗೆ ಹೊರಳಿಬಿಟ್ಟಿತ್ತು.

"ಹೇಳಿಕೊಟ್ಟಿದ್ದೆನಲ್ಲ. ಎಲ್ಲರಿಗೂ ಹೇಳಿಕೊಡ್ತೀನಿ."

ನರ್ಸಮ್ಮ ತಲೆಯಾಡಿಸಿದಳು. "ಹಾಗಾದ್ರೆ ನಾನೇ ಮರೆತಿದ್ದು," ಎಂದಳು, ಅವರಿಗಲ್ಲ, ಲೋಟಕ್ಕೆ ಎಂಬಂತೆ. ನೀರು ಕುಡಿದು, ಲೋಟವನ್ನು ಒಳಗೆ ಒಯ್ದು ತೊಳೆದಿಟ್ಟು ಹೊರಟುಹೋದಳು.

ಗೇಟು ಹಾಕಿ ಬಂದ ಹೆಂಡತಿ ಖಾಲಿ ಕುರ್ಚಿಯನ್ನು ಗೋಡೆಗೆ ಸರಿಸಿದಳು. ಆಮೇಲೆ, "ರೀ, ಆಯಮ್ಮನಿಗೆ ನಾನು ಸುತ್ತು ಹಾಕಿದ ನೆನಪಿಲ್ಲ," ಎಂದಳು.

"ನೂರಾರು ಜನ ಬರ್ತಾರೆ. ನಿನಗೆಲ್ಲಿ ನೆನಪಿರುತ್ತೆ?"

"ಆಯಮ್ಮ ಕಲಿಯೋವಾಗ ನಾನು ಅಕ್ಕನ ಮನೇಲಿದ್ದೆ. ಅಕ್ಕನ ಮಂಡಿ ಆಪರೇಷನ್ ಆಗಿತ್ತಲ್ಲ."

"ನೀನು ಇಲ್ದಿದ್ರೆ ನನ್ನ ಪಾಠ ನಡಿಯೋದೇ ಇಲ್ವಾ?" ಎಂದು ಮೇಷ್ಟ್ರು ರೇಗಿದರು. ಅವಳು ಒಳಗೆ ಹೋದಳು. ಜಗಳಕ್ಕೆ ನಿಂತಿದ್ದರೆ ವಾಸಿಯಿತ್ತು ಎನಿಸಿತು ಅವರಿಗೆ.

ಅವರಿಗೆ ಎಲ್ಲ ನೆನಪಿತ್ತು. ಪರೀಕ್ಷೆಯ ಹಿಂದಿನ ದಿನ ಕೊನೆಯ ಪಾಠ. ಹೆಂಡತಿ ಬರಲಿ ಎಂದು ಎರಡು ಸಲ ಮುಂದಕ್ಕೆ ಹಾಕಿದ್ದ ಕನ್ನಡಿ ಪಾಠ ಅವತ್ತು ಆಗಲೇಬೇಕಿತ್ತು. ಕಾರಿಗೆ ಇನ್ನೊಬ್ಬರು ಕಾಯುತ್ತಿದ್ದರು, ಮೇಷ್ಟ್ರಿಗೂ ಹಸಿವಾಗಿತ್ತು. "ಕನ್ನಡಿ ಬಗ್ಗೆ ಏನೋ ಇದೆ ಅಂದಿದ್ರಿ?" ಎಂದು ಅವಳೇ ಕೇಳಿದ್ದಳು. "ಪರೀಕ್ಷೇಲಿ ಅದನ್ನ ಕೇಳಲ್ಲ ಸಿಸ್ಟರ್. ಹಿಂದಕ್ಕೆ ತಗೊಳ್ಳೋದು ಇನ್ನೊಂದ್ಸಲ ನೋಡೋಣ. ಪಾಸಾದ ಮೇಲೆ ಒಂದಿನ ಬನ್ನಿ, ತೋರಿಸ್ತೀನಿ," ಎಂದಿದ್ದರು ಇವರು. ಅವಳು ಪಾಸಾದಳು. ಫೋನಿನಲ್ಲಿ ಹೇಳಿ ನಕ್ಕಳು. ಇವರೂ ನಕ್ಕು, ಅಲ್ಲಿಗೆ ಮರೆತರು.

ಎಂಟು ದಿನ ಅವರು ಎಂದಿನಂತೆ ಪಾಠಕ್ಕೆ ಹೋದರು. ಕಲಿಯುತ್ತಿದ್ದ ಬ್ಯಾಂಕಿನ ಗುಮಾಸ್ತನೊಬ್ಬನಿಗೆ ಕನ್ನಡಿ ಪಾಠದ ಸರದಿ ಬಂದ ದಿನ, ಅವನನ್ನು ಅಂಗಳದಲ್ಲಿ ಕೂರಿಸಿ ಹೆಂಡತಿಯನ್ನು ಕರೆದರು. ಅವಳು ಬಂದು ಸುತ್ತು ಹಾಕಿದಳು. ಆದರೆ ಅವಳ ಬಾಯಿಂದ ಎಂದಿನ ತಮಾಷೆ ಬರಲಿಲ್ಲ. ಪಾಠ ಮುಗಿಸಿ, ಕೈ ತೊಳೆದು, ಮೇಷ್ಟ್ರು ನರ್ಸಮ್ಮನ ಮನೆಗೆ ಹೊರಟರು.

ಅವಳದು ಮಹಡಿಯ ಮೇಲಿನ ಒಂಟಿ ಕೋಣೆ. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ ಬಾಗಿಲ ಹಿಂದೆ ತೂಗುತ್ತಿತ್ತು. ಮೇಷ್ಟ್ರು ಕೂರಲಿಲ್ಲ.

"ಸಿಸ್ಟರ್, ನಾನು ಅವತ್ತು ಸುಳ್ಳು ಹೇಳಿದೆ. ನಿಮಗೆ ಆ ಪಾಠ ನಾನು ಮಾಡೇ ಇಲ್ಲ. ನೀವು ಕೇಳಿದ್ರಿ ಕೂಡ. ಪರೀಕ್ಷೇಲಿ ಬರಲ್ಲ ಅಂತ ಬಿಟ್ಟೆ."

ನರ್ಸಮ್ಮ ಮಂಚದ ಅಂಚಿನಲ್ಲಿ ಕೂತಳು. ಬೈಯುತ್ತಾಳೆ ಎಂದು ಅವರು ಕಾದರು. ಬೈಯಲಿ ಎಂದೇ ಬಂದಿದ್ದರು.

"ಮೂರು ತಿಂಗಳಿಂದ ನಾನೊಬ್ಬಳೇ ಹೊತ್ತಿದ್ದೆ," ಎಂದಳು ಅವಳು ಕೊನೆಗೆ. "ಇನ್ನೊಬ್ಬರ ಪಾಲೂ ಇದ್ರೆ ಹಗುರ ಆಗುತ್ತೇನೋ ಅಂತ ನಿಮ್ಮನೆಗೆ ಬಂದಿದ್ದೆ. ಈಗ ನೀವು ಪಾಲಿಗೆ ಬಂದಿದ್ದೀರಿ. ಹಗುರ ಆಗ್ತಿಲ್ಲ ಮೇಷ್ಟ್ರೇ."

"ಅವನ ಮನೆಯವರಿಗೂ ಹೇಳ್ತೀನಿ. ಪೊಲೀಸರಿಗೆ ಬೇಕಾದ್ರೂ ಬರೆದುಕೊಡ್ತೀನಿ."

"ಪೊಲೀಸರಿಗೆ ಬರೆದುಕೊಡಿ, ಬೇಡ ಅನ್ನಲ್ಲ. ಅವನ ಮನೆಗೆ ಮಾತ್ರ ಹೋಗಬೇಡಿ. ಇರೋದು ಒಬ್ಬ ಅಣ್ಣ. ಬೈಯೋಷ್ಟೆಲ್ಲ ನನ್ನನ್ನ ಬೈದು ಸುಸ್ತಾಗಿದ್ದಾನೆ. ಇನ್ನೊಬ್ಬರನ್ನ ಬೈಯೋ ಶಕ್ತಿ ಅವನಲ್ಲಿಲ್ಲ."

ಅವಳು ಎದ್ದು ಮೊಳೆಯಿಂದ ಕೀಲಿಕೈ ತೆಗೆದಳು. "ಕಾರು ಕೆಳಗಿದೆ. ಈಗ ಹೇಳಿಕೊಡಿ."

"ಈಗ ಯಾಕೆ ಸಿಸ್ಟರ್..."

"ಅವನು ಎಲ್ಲಿದ್ದ ಅಂತ ನನಗೆ ಗೊತ್ತಾಗಬೇಕು."

ಕಾರು ಕಾಂಪೌಂಡಿನ ಮೂಲೆಯಲ್ಲಿ ಹೊದಿಕೆಯ ಕೆಳಗಿತ್ತು. ಪೊಲೀಸರು ಬಿಟ್ಟುಕೊಟ್ಟ ಮೇಲೆ ಯಾರೋ ತಂದು ನಿಲ್ಲಿಸಿದ್ದು, ಅವಳು ಮುಟ್ಟಿರಲಿಲ್ಲ. ಮೇಷ್ಟ್ರು ಹೊದಿಕೆ ಸರಿಸಿ, ಕನ್ನಡಿಗಳ ಧೂಳನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ಅವಳು ಸ್ಟಿಯರಿಂಗ್ ಹಿಂದೆ ಕೂತಳು. ಕೈ ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು.

ಸುತ್ತು ಹಾಕಲು ಇಲ್ಲಿ ಬೇರೆ ಯಾರೂ ಇರಲಿಲ್ಲ. ಮೇಷ್ಟ್ರೇ ಕಾರಿನ ಹಿಂದಕ್ಕೆ ಹೋದರು.

"ಕಾಣ್ತಿದೀನಾ?"

"ಒಳಗಿನ ಕನ್ನಡೀಲಿ ಕಾಣ್ತೀರಿ."

ಎಡಗಡೆಯಿಂದ ಮುಂದೆ ಬಂದರು. "ಈಗ?"

"ಪಕ್ಕದ ಕನ್ನಡೀಲಿ. ಅಂಚಲ್ಲಿ."

ಇನ್ನೊಂದು ಹೆಜ್ಜೆ. "ಈಗ?"

ಅವಳು ಕನ್ನಡಿಯಲ್ಲಿ ಹುಡುಕಿದಳು.

"ಸಿಸ್ಟರ್, ಈಗ?"

"ಇಲ್ಲ," ಎಂದಳು ಅವಳು. "ನೀವಿಲ್ಲ."

ಅವರು ಹಿಂದಿನ ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಕೈ ಚಾಚಿದರೆ ಕಾರು ಸಿಗುವಷ್ಟು ಹತ್ತಿರ. ಬಾಗಿಲಿನ ಬಣ್ಣ ಅಲ್ಲಿ ಉದ್ದಕ್ಕೂ ಗೀಚಿಹೋಗಿತ್ತು. ಮೇಷ್ಟ್ರು ಅದನ್ನು ನೋಡಿ ಕಣ್ಣು ಬೇರೆಡೆ ಹೊರಳಿಸಿದರು.

ಬಗ್ಗಿ ಕಿಟಕಿಯಿಂದ ಹೇಳಿದರು, "ಕಾರಿನ ಮಧ್ಯಕ್ಕೆ ವಾಲಿಕೊಳ್ಳಿ. ನಾನು ಕನ್ನಡಿ ತಿರುಗಿಸ್ತೀನಿ. ನಿಮ್ಮ ಬಾಗಿಲು ಗೆರೆಯಷ್ಟೇ ಉಳಿದಾಗ ಸಾಕು ಅನ್ನಿ." ಬೆರಳ ತುದಿಯಿಂದ ಗಾಜನ್ನು ಮೆಲ್ಲಗೆ ಒತ್ತಿದರು. ಅಕ್ಕಿಕಾಳಿನಷ್ಟು ಸರಿಯಿತು, ಇನ್ನೊಂದಿಷ್ಟು ಸರಿಯಿತು.

"ಸಾಕು."

"ನೆಟ್ಟಗೆ ಕೂತ್ಕೊಳ್ಳಿ."

ಮತ್ತೆ ಹೋಗಿ ಅದೇ ಜಾಗದಲ್ಲಿ ನಿಂತರು. ಕೇಳುವ ಅಗತ್ಯ ಬೀಳಲಿಲ್ಲ. ಕನ್ನಡಿಯಲ್ಲಿ ಅವರಿಗೆ ಅವಳ ಮುಖ ಕಂಡಿತು, ಅವಳಿಗೆ ಇವರದು.

"ಇಷ್ಟೇನಾ?" ಎಂದಳು ನರ್ಸಮ್ಮ. "ಇಷ್ಟೇನಾ ಮೇಷ್ಟ್ರೇ?" ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತಳು. ಆಸ್ಪತ್ರೆಯಲ್ಲಿ ಬೇರೆಯವರ ಅಳುವನ್ನು ಸಂಭಾಳಿಸಿ ಅಭ್ಯಾಸವಾದವಳು, ತನ್ನ ಅಳುವಿನ ಮುಂದೆ ಏನೂ ತೋಚದೆ ಚಿಕ್ಕ ಮಗುವಿನಂತೆ ದನಿ ತೆಗೆದು ಅತ್ತಳು. ಮೇಷ್ಟ್ರು ನಿಂತಲ್ಲೇ ನಿಂತಿದ್ದರು. ಅಲ್ಲಿಂದ ಕದಲಿದರೆ ಮತ್ತೆ ಅವಳ ಕಣ್ಣಿಗೆ ಕಾಣದೆ ಹೋದೇನು ಎಂಬ ಹೆದರಿಕೆ ಅವರಿಗೆ.

ಮರುದಿನ ಅವರು ಠಾಣೆಗೆ ಹೋಗಿ ಬರೆದುಕೊಟ್ಟರು. ಅಲ್ಲಿದ್ದ ಅಧಿಕಾರಿ ಎರಡು ಸಲ ಓದಿ, "ಓಡಿಸ್ತಿದ್ದವರು ನೀವಲ್ವಲ್ಲ," ಎಂದ. ಆದರೂ ಕಾಗದವನ್ನು ಕಡತದಲ್ಲಿ ಸೇರಿಸಿದ. ಅದರಿಂದ ಏನೂ ಬದಲಾಗಲಿಲ್ಲ. ನರ್ಸಮ್ಮನ ಲೈಸೆನ್ಸ್ ಎರಡು ವರ್ಷ ಅಮಾನತಾಯಿತು. ಅವಳು ಅದಕ್ಕೂ ಮೊದಲೇ ಕಾರು ಮಾರಿದ್ದಳು.

ಮೇಷ್ಟ್ರು ಪಾಠ ನಿಲ್ಲಿಸಲಿಲ್ಲ. ನಿಲ್ಲಿಸಿಬಿಡಿ ಎಂದು ಹೆಂಡತಿ ಹೇಳಲೂ ಇಲ್ಲ. ಹಳೆಯ ಶಿಷ್ಯರ ಫೋನ್ ನಂಬರು ಹುಡುಕಿ, ದಿನಕ್ಕೆ ನಾಲ್ಕೈದು ಜನರನ್ನು ಮಾತಾಡಿಸುತ್ತಾ ಹೋದರು. "ನಿಮಗೆ ಕನ್ನಡಿ ಪಾಠ ಆಗಿದೆಯಾ?" ಎಂದು ಕೇಳಿದರೆ ಕೆಲವರು ನಕ್ಕರು, ಕೆಲವರು ಯಾರು ಮಾತಾಡೋದು ಎಂದರು. ಹನ್ನೊಂದು ಜನ ಆಗಿಲ್ಲ ಎಂದರು. ಮೇಷ್ಟ್ರು ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಯಿತು ಆ ಲೆಕ್ಕ. ಕರೆದರೂ ಅಂಗಳಕ್ಕೆ ಬಂದವರು ಆರು ಜನ.

ಆಸ್ಪತ್ರೆಯ ರಸ್ತೆಯಲ್ಲಿ ಪಾಠ ಮಾಡುವಾಗ ಕೆಲವೊಮ್ಮೆ ಬಸ್ ನಿಲ್ದಾಣದಲ್ಲಿ ನರ್ಸಮ್ಮ ಕಾಣುತ್ತಾಳೆ. ಛಾವಣಿಯ ಕಂಬಕ್ಕೆ ಒರಗಿ, ಚೀಲವನ್ನು ಎದೆಗೆ ಅವಚಿಕೊಂಡು ನಿಂತಿರುತ್ತಾಳೆ. ಒಂದೊಂದು ದಿನ ಕೈ ಎತ್ತುತ್ತಾಳೆ. ಒಂದೊಂದು ದಿನ ನೋಡಿಯೂ ಎತ್ತುವುದಿಲ್ಲ. ಎತ್ತದ ದಿನ ಮೇಷ್ಟ್ರು ತಪ್ಪು ತಿಳಿಯುವುದಿಲ್ಲ. ಪಕ್ಕದಲ್ಲಿ ಓಡಿಸುತ್ತಿರುವವರಿಗೆ "ಮೆಲ್ಲಗೆ ಹೋಗಿ" ಎಂದಷ್ಟೇ ಹೇಳುತ್ತಾರೆ.