ದಪ್ಪ ತೋಳಿನ ಟೀಚರಿಗೆ ಬಂದ ಮೆಸೇಜು

ಸೂಜಿಗೆ ದಾರ ಪೋಣಿಸುವುದು ನಮ್ಮ ಅತ್ತಿಗೆಗೆ ಈಚೆಗೆ ದೊಡ್ಡ ಯುದ್ಧವಾಗಿತ್ತು. ಹೊಲಿಯುವ ಕೈ ಇನ್ನೂ ಚುರುಕು, ಆದರೆ ಕಣ್ಣು ಕೈಕೊಟ್ಟಿತ್ತು. ಕನ್ನಡಕ ಹಾಕಿಕೊಳ್ಳಿ ಎಂದರೆ ಮೂತಿ ತಿರುಗಿಸುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಅವತ್ತು ಬೆಳಿಗ್ಗೆ ನಾನು ಒಳಗೆ ಕಾಲಿಡುವಷ್ಟರಲ್ಲೇ ಕೂಗಿದರು.

"ಏ ಬಾ ಬಾ, ಇಲ್ಲಿ ನೋಡು! ಸೂಜಿ ಕಣ್ಣು ಬಾಗಿಲಷ್ಟು ದೊಡ್ಡದಾಗಿ ಕಾಣ್ತಿದೆ!"

ಹಿಂದಿನ ಸಂಜೆ ಫೋನಿಗೆ ಭೂತಗನ್ನಡಿಯ ಆ್ಯಪ್ ಹಾಕಿಕೊಂಡಿದ್ದರಂತೆ. ಕ್ಯಾಮೆರಾ ಹಿಡಿದರೆ ಸಾಕು, ಸಣ್ಣದೆಲ್ಲ ದೊಡ್ಡದಾಗಿ ಕಾಣುತ್ತದೆ. ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಯಿತು. ಆದರೆ ನಮ್ಮ ಮಹಿಳಾ ಸಂಘದಲ್ಲಿ ಫೋನ್ ಬಳಕೆಯ ತರಬೇತಿ ಮುಗಿಸಿದವಳು ನಾನು, ಸುಮ್ಮನಿರಲು ಆಗಲಿಲ್ಲ.

"ಹಾಕ್ಕೊಳ್ಳುವಾಗ ಏನೇನು ಕೇಳ್ತು ಅತ್ತಿಗೆ?"

"ಏನೋ ಡಬ್ಬಿ ಡಬ್ಬಿ ಬಂತಪ್ಪ. ಅನುಮತಿಸಿ, ಅನುಮತಿಸಿ, ಅನುಮತಿಸಿ. ಒತ್ತಿದೆ, ಹೋಯ್ತು."

"ಓದಿದ್ರಾ?"

"ಓದೋದೇನು ಬಂತು? ಫೋನನ್ನ ಕಾಪಾಡೋಕೆ ಕೇಳ್ತಿರುತ್ತೆ, ಪಾಪ. ಒತ್ತದಿದ್ರೆ ಅದು ಶುರುನೇ ಆಗಲ್ಲ. ಅಷ್ಟಕ್ಕೂ ನನ್ನ ಹತ್ರ ಕದಿಯೋಕೆ ಏನಿದೆ ಹೇಳು, ಅಂಗಿ ಗುಂಡಿಗಳನ್ನಾ?"

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಪಕ್ಕದ ಬೀದಿಯ ಶಾಲೆಯ ಗಣಿತದ ಟೀಚರ್, ಅತ್ತಿಗೆಯ ಹಳೆಯ ಗಿರಾಕಿ. ಮುಖ ಕೆಂಪಗಾಗಿತ್ತು.

"ಟೈಲರಮ್ಮ, ಇದೇನ್ರೀ ಇದು?" ಎಂದವರೇ ತಮ್ಮ ಫೋನಿಗೆ ಬಂದ ಮೆಸೇಜನ್ನು ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದರು. "'ದಪ್ಪ ತೋಳು ಟೀಚರ್ ಅವರೇ, ನಿಮ್ಮ ಗೆಳತಿ ಬಳಸುತ್ತಿರುವ ಭೂತಗನ್ನಡಿ ಆ್ಯಪನ್ನು ನೀವೂ ಹಾಕಿಕೊಳ್ಳಿ!' ಯಾರ್ರೀ ದಪ್ಪ ತೋಳು ಟೀಚರ್? ನನ್ನ ತೋಳಿನ ಅಳತೆ ನಿಮಗೆ ಬಿಟ್ರೆ ಇನ್ಯಾರಿಗೆ ಗೊತ್ತು?"

ಅಯ್ಯೋ ದೇವರೇ! ಅತ್ತಿಗೆ ಗಿರಾಕಿಗಳ ನಂಬರನ್ನು ಹೆಸರಿನಿಂದ ಉಳಿಸಿಕೊಳ್ಳುವವರೇ ಅಲ್ಲ. ಫೋನ್ ಬಂದಾಗ ಅಳತೆಯೂ ನೆನಪಾಗಬೇಕು ಎನ್ನುವುದು ಅವರ ಪದ್ಧತಿ. ಎಡ ಭುಜ ತಗ್ಗು ನರ್ಸ್, ಸೊಂಟ ಸಡಿಲ ಲಾಯರಮ್ಮ, ಹೀಗೆ ಊರಿನ ಅರ್ಧ ಹೆಂಗಸರು ಆ ಫೋನಿನಲ್ಲಿದ್ದಾರೆ.

"ನಾನು ಕಳಿಸಿಲ್ಲ ಟೀಚರ್, ನನ್ನಾಣೆಗೂ!"

"ಹಾಗಾದ್ರೆ ಈ ಹೆಸರು ಇಟ್ಟಿದ್ದು ಯಾರು?"

"ಇಟ್ಟಿದ್ದು ನಾನೇ," ಎಂದರು ಅತ್ತಿಗೆ ನೆಲ ನೋಡುತ್ತ. ಪಾಪ ಅನ್ನಿಸಿತು, ಆದರೂ ನಾನು ಹೇಳಿಯೇಬಿಟ್ಟೆ.

"ಅತ್ತಿಗೆ, ಕಾಂಟ್ಯಾಕ್ಟ್ಸ್ ನೋಡಬಹುದಾ ಅಂತ ಆ ಆ್ಯಪ್ ಕೇಳಿದೆ. ನೀವು ಹೂಂ ಅಂದಿದ್ದೀರ. ಡಬ್ಬಿ ತೋರಿಸಿ ಎಚ್ಚರಿಸಿದ್ದು ನಿಮ್ಮ ಫೋನು. ಆದ್ರೆ ಅದರೊಳಗೆ ಕೇಳಿದ್ದು ಆ್ಯಪು. ಅದು ಕೇಳಿದ್ದು ಕಾಪಾಡೋಕಲ್ಲ, ತಗೊಳ್ಳೋಕೆ. ನೀವು ಉಳಿಸಿದ ಹೆಸರಿಗೇ ಮೆಸೇಜ್ ಕಳಿಸಿದ್ದೂ ಅದೇ."

ಟೀಚರ್ ಥಟ್ಟನೆ ಕೇಳಿದರು: "ನನ್ನ ಫೋಟೊ?"

ಬಟ್ಟೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಲು ಅತ್ತಿಗೆ ಗಿರಾಕಿಗಳನ್ನು ನಿಲ್ಲಿಸಿ ಹಿಂದೆ ಮುಂದೆ ಫೋಟೊ ತೆಗೆಯುತ್ತಾರೆ. ಫೋಟೊ ನನ್ನ ಫೋನು ದಾಟಲ್ಲ ಎಂಬ ಅವರ ಒಂದು ಮಾತಿನ ಮೇಲೆ ಎಲ್ಲರೂ ನಿಲ್ಲುತ್ತಾರೆ. ಆ ಮಾತು ಮುರಿದರೆ ಅಂಗಡಿ ಮುಚ್ಚಿದಂತೆಯೇ.

ಅತ್ತಿಗೆ ಆ್ಯಪ್ ತೆರೆದು, ಗಾಬರಿಯಲ್ಲಿ ಮೂಲೆಯಲ್ಲಿದ್ದ ಚಿತ್ರದ ಗುರುತು ಒತ್ತಿಬಿಟ್ಟರು. ಡಬ್ಬಿ ಎದ್ದಿತು: ಫೋಟೊಗಳು ಮತ್ತು ವಿಡಿಯೊಗಳನ್ನು ನೋಡಲು ಈ ಆ್ಯಪ್‌ಗೆ ಅನುಮತಿಸುವುದೇ? ಅಭ್ಯಾಸಬಲ ನೋಡಿ, ಹೆಬ್ಬೆರಳು ಹೊರಟೇಬಿಟ್ಟಿತು!

"ಅತ್ತಿಗೇ!" ಎಂದು ನಾನು ಕಿರುಚಿದೆ. ಟೀಚರ್ ಹಾರಿ ಬಂದು ಅವರ ಮಣಿಕಟ್ಟು ಹಿಡಿದರು.

"ತಡೀರಿ! ಈಗ ಕೇಳ್ತಿದೆ ಅಂದ್ರೆ ನೀವಿನ್ನೂ ಕೊಟ್ಟಿಲ್ಲ ಅಂತ! ಫೋಟೊ ಹೋಗಿಲ್ಲ!" ಎಂದೆ ನಾನು.

ಅತ್ತಿಗೆ ಅಕ್ಷರ ಅಕ್ಷರ ಓದಿ 'ಅನುಮತಿಸಬೇಡಿ' ಒತ್ತಿದರು. ಆಮೇಲೆ ಭಯದಲ್ಲೇ ಕ್ಯಾಮೆರಾವನ್ನು ಸೂಜಿಯತ್ತ ತಿರುಗಿಸಿದರು. ಸೂಜಿಯ ಕಣ್ಣು ಮೊದಲಿನಷ್ಟೇ ದೊಡ್ಡದಾಗಿ ಕಂಡಿತು.

"ಅಯ್ಯ, ಬೇಡ ಅಂದ್ರೂ ನಡೆಯುತ್ತಾ ಇದು?"

"ಸಣ್ಣದನ್ನ ದೊಡ್ಡದು ಮಾಡೋಕೆ ಕ್ಯಾಮೆರಾ ಸಾಕು ಅತ್ತಿಗೆ. ಗಿರಾಕಿಗಳ ನಂಬರು ಇದಕ್ಯಾಕೆ?"

ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪಿನ ಅನುಮತಿಗಳನ್ನು ತೆರೆದೆವು. ಫೋಟೊಗೆ ಅನುಮತಿ ಇರಲಿಲ್ಲ, ಸದ್ಯ! ಆದರೆ ಕಾಂಟ್ಯಾಕ್ಟ್ಸ್‌ಗೆ ಇತ್ತು, ನಾವಿರುವ ಜಾಗ ತಿಳಿಯಲೂ ಇತ್ತು. ಅವೆರಡನ್ನೂ ಆಫ್ ಮಾಡೋಣ ಎಂದೆ. ಅತ್ತಿಗೆ ಕೇಳಲಿಲ್ಲ, ಆ್ಯಪನ್ನೇ ಕಿತ್ತುಹಾಕಿದರು. "ನಾಳೆನೇ ಕನ್ನಡಕ ತರ್ತೀನಿ ಹೋಗು" ಎಂದರು.

"ಹೋದ ಹೆಸರುಗಳು ವಾಪಸ್ ಬರ್ತಾವಾ?"

"ಇಲ್ಲ ಅತ್ತಿಗೆ. ಹೋದದ್ದು ಹೋಯ್ತು."

ಅತ್ತಿಗೆಯ ಕಣ್ಣಲ್ಲಿ ನೀರು ಬಂತು. ಅಲ್ಲೇ ಕೂತು ನರ್ಸಿಗೆ, ಲಾಯರಮ್ಮನಿಗೆ, ಎಲ್ಲರಿಗೂ ಫೋನ್ ಮಾಡಿ ತಪ್ಪಾಯಿತು ಎಂದರು, ಆ ಮೆಸೇಜನ್ನು ಒತ್ತಬೇಡಿ ಎಂದರು. ಲಾಯರಮ್ಮ ಚೆನ್ನಾಗಿಯೇ ಬೈದರು. ಟೀಚರ್ ಅಷ್ಟೂ ಹೊತ್ತು ಹೋಗದೆ ಕೂತಿದ್ದರು.

"ಬಂದಿದ್ದು ಬಂದೆ, ನನ್ನ ಹೊಸ ಕೋಟಿನ ಅಳತೆ ನೋಡಿಬಿಡಿ," ಎಂದು ಎದ್ದು ನಿಂತರು. "ದಪ್ಪ ತೋಳು ತಾನೇ, ಸ್ವಲ್ಪ ಸಡಿಲ ಇರ್ಲಿ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತಿಗೆ ಎಂದಿನಂತೆ ಫೋನ್ ಎತ್ತಿದವರು ಕೆಳಗಿಳಿಸಿದರು. ಇಷ್ಟು ವರ್ಷ ಯಾರನ್ನೂ ಕೇಳದ ಮಾತು ಕೇಳಿದರು.

"ಟೀಚರ್, ಫೋಟೊ ತೆಗೀಲಾ?"

"ತೋಳು ಮಾತ್ರ. ಮುಖ ಬೇಡ. ಹೊಲಿದಾದ ಮೇಲೆ ಅಳಿಸಿಬಿಡಿ."

"ಕೇಳಿಸ್ತೇನೇ?" ಎಂದು ಅತ್ತಿಗೆ ನನ್ನತ್ತ ತಿರುಗಿದರು. "ಅನುಮತಿ ಕೊಡೋದು ಅಂದ್ರೆ ಹೀಗೆ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನನ್ನು ಈಗಲೇ ಕೈಗೆತ್ತಿಕೊಳ್ಳಿ. ಯಾವ ಆ್ಯಪ್‌ಗೆ ಏನೇನು ಕೊಟ್ಟಿದ್ದೀರಿ, ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅದು ಮಾಡುವ ಕೆಲಸಕ್ಕೆ ಬೇಡದ್ದನ್ನು ಕೇಳಿದರೆ 'ಅನುಮತಿಸಬೇಡಿ' ಎನ್ನಿ, ಬೇಕೇ ಬೇಕಾದರೆ 'ಈ ಬಾರಿ ಮಾತ್ರ' ಎನ್ನಿ. ಅರ್ಥವಾಗದಿದ್ದರೆ ಗೊತ್ತಿದ್ದವರನ್ನು ಕೇಳಿ, ನಾಚಿಕೆ ಬೇಡ. ನಿಮ್ಮನ್ನು ನಂಬಿದವರೆಲ್ಲ ಆ ಫೋನಿನೊಳಗಿದ್ದಾರೆ. ಅವರ ಪರವಾಗಿ ಹೂಂ ಅನ್ನುವ ಮೊದಲು ಓದಿ.