ಎಳೆಯ ತುದಿಯ ಹಸಿರು ಚುಕ್ಕಿ

ಯಾವ ಮುಚ್ಚಳ ಯಾವ ತಟ್ಟೆಯದು? ಸಂಶೋಧಕನಿಗೆ ತಲೆ ಕೆಟ್ಟುಹೋಗಿತ್ತು. ಎರಡು ಗಾಜಿನ ತಟ್ಟೆಗಳಲ್ಲೂ ಬೂಷ್ಟು ಒಂದೇ ಥರ ಬೆಳ್ಳಗೆ ಹಬ್ಬಿತ್ತು. ಒಂದರಲ್ಲಿ, ಬೂಷ್ಟಿನ ಎಳೆಗೆ ಬೆಳೆಯುವ ದಿಕ್ಕು ತೋರುವ ಪ್ರೋಟೀನಿಗೆ ಅವನು ಹಸಿರಾಗಿ ಹೊಳೆಯುವ ಗುರುತು ಹಚ್ಚಿದ್ದ. ಇನ್ನೊಂದರಲ್ಲಿ ಆ ಪ್ರೋಟೀನನ್ನೇ ಇಲ್ಲವಾಗಿಸಿದ್ದ. ಯಾವುದು ಯಾವುದೆಂದು ಬರೆದದ್ದು ಮುಚ್ಚಳಗಳ ಮೇಲೆ. ನಾಲ್ಕು ತಿಂಗಳ ದುಡಿಮೆ ಅದು.

"ಮೇಜು ಒರೆಸೋವಾಗ ಮುಚ್ಚಳ ಎರಡೂ ಕಳಚಿ ಬಿದ್ವು ಕಣಪ್ಪಾ. ನನ್ನ ಕೈಗೇನು ರೋಗ ಬಂದಿತ್ತೋ!" ಎಂದು ಪ್ರಯೋಗಾಲಯ ಗುಡಿಸುವ ಅಕ್ಕ ಕಣ್ಣೊರೆಸಿಕೊಂಡಳು.

ಅವನು ಕೈಗೆ ಸಿಕ್ಕ ಒಂದು ತಟ್ಟೆಯನ್ನು ಸೂಕ್ಷ್ಮದರ್ಶಕಕ್ಕಿಟ್ಟ. ಎಳೆಗಳು ಕುಡಿದವರಂತೆ ಅಡ್ಡಾದಿಡ್ಡಿ ಹೊರಳಿದ್ದವು, ಎಲ್ಲೂ ಹೊಳಪಿರಲಿಲ್ಲ. ಎರಡನೆಯದರಲ್ಲಿ ಪ್ರತಿ ಎಳೆಯ ತುದಿಯಲ್ಲೂ ಹಸಿರು ಚುಕ್ಕಿಯೊಂದು ಉರಿಯುತ್ತಿತ್ತು. ನೋಡನೋಡುತ್ತಿದ್ದಂತೆ ಒಂದು ಎಳೆಯ ಪಕ್ಕದಲ್ಲಿ ಹೊಸ ಚುಕ್ಕಿ ಮೂಡಿತು. ಆಮೇಲೆ ಅಲ್ಲಿಂದಲೇ ಕವಲು ಹೊರಟಿತು.

"ಅಕ್ಕಾ, ಬಂದು ನೋಡಿ."

ಅಕ್ಕ ಕಣ್ಣಿಟ್ಟಳು. "ಅಯ್ಯಯ್ಯೋ! ದೀಪ ಮುಂದೆ, ಬೂಷ್ಟು ಹಿಂದೆ! ಇದಕ್ಕಿರೋ ಬುದ್ಧಿ ನನಗಿಲ್ವಲ್ಲಪ್ಪಾ."

ಇಬ್ಬರೂ ಸರದಿಯಂತೆ ಬಹಳ ಹೊತ್ತು ನೋಡಿದರು.

ಗುರುತನ್ನು ಮುಚ್ಚಳಕ್ಕಲ್ಲ, ತಟ್ಟೆಯ ತಳಕ್ಕೇ ಬರೆಯಬೇಕಿತ್ತು, ತಪ್ಪು ತನ್ನದೇ ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.